ಸ್ಯಾಂಡ್‌ವಿಕೆನ್ ಅಂಕಲ್ ಕೊಟ್ಟ ತುಕ್ಕಿನ ಪುಸ್ತಕ

ಕಳೆದ ವಾರ ಚಳಿಗಾಲದ ಟೈರು ಹಾಕಿಸಲು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಮ್ಮ ಮನೆ ಹತ್ತಿರದ ಗ್ಯಾರೇಜಿಗೆ ಹೋಗಿದ್ದೆ. ಪಕ್ಕದಲ್ಲಿ ಯಾರದೋ ಕಾರನ್ನು ಮೇಲೆತ್ತಿ ನಿಲ್ಲಿಸಿ, ತುಕ್ಕು ಹಿಡಿಯದ ಹಾಗೆ ಅದರ ಅಡಿಗೆ ಮೇಣದೆಣ್ಣೆ ಹೊಡೆಯುತ್ತಿದ್ದರು. ಜೇನುಮೇಣಕ್ಕೆ ಸೀಮೆಎಣ್ಣೆ ಬೆರೆಸಿ ಬಿಸಿ ಮಾಡಿದಂಥ ವಾಸನೆ. ಗ್ಯಾರೇಜಿನವನು ಕೀ ಕೊಡಿ ಎಂದು ಎರಡು ಸಲ ಕೇಳಿದನಂತೆ, ನನಗೆ ಕೇಳಿಸಿರಲಿಲ್ಲ. ಆ ವಾಸನೆಯನ್ನು ನಾನು ಮೊದಲು ಕಂಡದ್ದು ಸ್ಯಾಂಡ್‌ವಿಕೆನ್ ಊರಿನ ಒಂದು ಮನೆಯ ಕಾರ್ ಶೆಡ್ಡಿನಲ್ಲಿ, ಆ ಮನೆಯ ಯಜಮಾನರ ಸ್ವೆಟರಿನ ತೋಳುಗಳಲ್ಲಿ... ಅವರನ್ನು ನಾನು ಅಂಕಲ್ ಎನ್ನುತ್ತಿದ್ದೆ. ಅವರ ಹೆಸರನ್ನು ಒಂದು ಸಲ ನನ್ನ ಕೈಯಾರೆ ಅಳಿಸಿದ್ದೇನೆ. ಈಗ ಇಲ್ಲಿ ಬರೆಯುವ ಹಕ್ಕು ನನಗಿದೆ ಎಂದು ಅನ್ನಿಸುತ್ತಿಲ್ಲ.

ಆಗ ನಾನು ಓದು ಮುಗಿಸಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅದು ಅಮೆರಿಕದ ಒಂದು ಕಾರು ಕಂಪನಿಯ ಇಲ್ಲಿನ ಕಚೇರಿ. ಒಂದು ಕಾಲದಲ್ಲಿ ಸ್ವೀಡನ್ನಿನ ಜನ ಆ ಕಾರುಗಳನ್ನು ಆಸೆಪಟ್ಟು ಕೊಂಡಿದ್ದರು, ಆಮೇಲೆ ಒಬ್ಬೊಬ್ಬರಾಗಿ ಕೈಬಿಟ್ಟಿದ್ದರು. ಇಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರಿಗೆ ಅವು ಬೇಗ ತುಕ್ಕು ಹಿಡಿಯುತ್ತಿದ್ದವು. ಜೋರು ಚಳಿ ಬಿದ್ದ ಬೆಳಗ್ಗೆ ಬಾಗಿಲುಗಳು ಹೆಪ್ಪುಗಟ್ಟಿ ತೆಗೆಯಲಿಕ್ಕೇ ಬರುತ್ತಿರಲಿಲ್ಲ. ಈಗ ಕಂಪನಿ ತನ್ನ ಮಾದರಿಗಳನ್ನು ಸುಧಾರಿಸಿ, ಬಿಟ್ಟುಹೋದ ಗಿರಾಕಿಗಳನ್ನು ಮತ್ತೆ ಕರೆತರಲು ಹೊರಟಿತ್ತು. ಹಳೆಯ ದೂರಿನ ಪತ್ರಗಳನ್ನೆಲ್ಲ ಓದಿ, ಜನ ಯಾಕೆ ಬಿಟ್ಟರು ಎಂದು ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಪ್ರೊಬೇಷನ್ ಆರು ತಿಂಗಳು. ಕೆಲಸ ಖಾಯಂ ಆಗದಿದ್ದರೆ ಪರ್ಮಿಟ್ ಇಲ್ಲ, ಪೆಟ್ಟಿಗೆ ಕಟ್ಟಿಕೊಂಡು ತುಮಕೂರಿಗೆ ವಾಪಸ್.

ಆ ಪತ್ರಗಳ ನಡುವೆ ಒಂದೇ ಕೈಬರಹದ ಒಂದು ಕಟ್ಟು ಸಿಕ್ಕಿತು. ಯಾವುದರಲ್ಲೂ ಸಿಟ್ಟಿನ ಮಾತಿಲ್ಲ. ಬಾಗಿಲಿನ ಅಡಿಯಲ್ಲಿ ನೀರು ಇಳಿಯುವ ತೂತು ತಪ್ಪು ಜಾಗದಲ್ಲಿದೆ, ಅದನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿ ಎಂದು ಚಿತ್ರ ಬರೆದು ವಿವರಿಸಿದ್ದರು. ಪ್ರತಿಯೊಂದಕ್ಕೂ ಕಂಪನಿ ಅದೇ ಅಚ್ಚಿನ ಉತ್ತರ ಕಳಿಸಿತ್ತು: ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ. ಕೆಳಗಿನ ಸಹಿ ನೋಡಿದೆ. ನಮ್ಮ ಕಡೆಯ ಹೆಸರು, ಅನುಮಾನವೇ ಇಲ್ಲ. ಫೋನ್ ಮಾಡಿ ಕಂಪನಿಯ ಹೆಸರು ಹೇಳಿ, ಆಮೇಲೆ ಹೆದರುತ್ತಲೇ ಕನ್ನಡದಲ್ಲಿ ನಮಸ್ಕಾರ ಎಂದೆ.

“ಇಷ್ಟು ವರ್ಷ ಬರೆದೆ ನೋಡಮ್ಮ,” ಎಂದು ನಕ್ಕರು. “ಕೊನೆಗೂ ಉತ್ತರ ಬಂತು. ಅದೂ ಕನ್ನಡದಲ್ಲಿ!”

ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿತು, ಚಿಕ್ಕ ವಯಸ್ಸಿನಲ್ಲೇ ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಗೆ ಬಂದವರು. ನಿವೃತ್ತಿಯವರೆಗೂ ಅಲ್ಲೇ ಇದ್ದರು. ಮದುವೆಯಾಗಿ ಆಂಟಿಯನ್ನು ಕರೆತಂದ ವರ್ಷ ಆ ಅಮೆರಿಕದ ಕಾರು ಕೊಂಡಿದ್ದರಂತೆ. ತುಕ್ಕು ಶುರುವಾದಾಗ ಬೇರೆಯವರ ಹಾಗೆ ಮಾರಿಬಿಡಲಿಲ್ಲ. ಉಕ್ಕಿನ ಮನುಷ್ಯ, ತುಕ್ಕು ಎಲ್ಲಿಂದ ಬರುತ್ತದೆ ಎಂದು ನೋಡುತ್ತ ಕೂತರು. ಆ ಕಾರು ಹೋದ ಮೇಲೆ ಅದೇ ಕಂಪನಿಯ ಇನ್ನೊಂದು ಹಳೆಯ ಕಾರು ತಂದು, ಅದನ್ನೂ ನೋಡಿದರು. ಅದೂ ಹೋದ ಮೇಲೆ, ಇನ್ನು ಸಾಕು ಎಂದು ಸ್ವೀಡನ್ನಿನ ಕಾರು ಕೊಂಡರು.

ನಾನು ಮೊದಲ ಸಲ ಹೋದದ್ದು ಫೆಬ್ರವರಿಯ ಒಂದು ಭಾನುವಾರ. ಆಂಟಿ ಕೋಡುಬಳೆ ಮಾಡಿದ್ದರು. ಇಲ್ಲಿನವರು ಫಿಕಾ ಎನ್ನುವ ಕಾಫಿ ಹೊತ್ತಿಗೆ ದಾಲ್ಚಿನ್ನಿ ಬನ್ನೇ ಆಗಬೇಕೆಂದು ಯಾವ ಕಾನೂನಿದೆ ಎಂದು ಅಂಕಲ್ ಕೇಳಿದರು. ಆಮೇಲೆ ಶೆಡ್ಡಿಗೆ ಕರೆದುಕೊಂಡು ಹೋಗಿ, ಟಾರ್ಚು ಹಿಡಿದು, ಹಳೆಯ ಕಾರಿನದೆಂದು ಜೋಪಾನವಾಗಿ ಇಟ್ಟುಕೊಂಡಿದ್ದ ಒಂದು ಬಾಗಿಲಿನ ಒಳಭಾಗ ತೋರಿಸಿದರು.

“ಉಪ್ಪುನೀರು ಇಲ್ಲಿ ನಿಲ್ಲುತ್ತೆ ನೋಡು. ಹೊರಗಡೆ ಪೇಂಟ್ ಚೆನ್ನಾಗೇ ಇರುತ್ತೆ. ನಿನಗೆ ಕಾಣೋ ಹೊತ್ತಿಗೆ ಒಳಗೆಲ್ಲ ಮುಗಿದಿರುತ್ತೆ.”

ಒಳಗೆ ಬಂದ ಮೇಲೆ ಆ ಪುಸ್ತಕ ತಂದರು. ಕೆಂಪು ಬಟ್ಟೆಯ ಬೆನ್ನಿನ ದಪ್ಪ ಲಾಂಗ್ ಬುಕ್. ಎರಡು ಕಾರುಗಳ ಅಷ್ಟೂ ಚಳಿಗಾಲ ಅದರಲ್ಲಿತ್ತು. ಅಂಕಲ್ ಹೊರಗೆ ಕಾರಿನ ಕೆಳಗೆ ಮಲಗಿ ಕೂಗಿ ಹೇಳುವುದು, ಆಂಟಿ ಕಿಟಕಿಯ ಹತ್ತಿರ ಕೂತು ಬರೆದುಕೊಳ್ಳುವುದು. ಬರಹವೆಲ್ಲ ಆಂಟಿಯದು, ಎಲ್ಲ ಕನ್ನಡದಲ್ಲಿ. ‘ಮೈನಸ್ ಇಪ್ಪತ್ತೆರಡು. ಎಡಗಡೆ ಹಿಂದಿನ ಬಾಗಿಲು ತೆಗೆಯಲಿಲ್ಲ. ರಬ್ಬರ್ ಪಟ್ಟಿಯಲ್ಲಿ ನೀರು ಹೆಪ್ಪುಗಟ್ಟಿದೆ. ಮಗುವಿಗೆ ಮೊದಲ ಹಲ್ಲು ಬಂತು.’ ಹೀಗೆ. ನಾನು ನಕ್ಕೆ. ಆಂಟಿಗೆ ನಾಚಿಕೆಯಾಯಿತು. “ಬೇರೆ ಡೈರಿ ಎಲ್ಲಿತ್ತಮ್ಮ ನನಗೆ? ಇವರು ಕೂಗೋದು ಮುಗಿದ ಮೇಲೆ ನನ್ನದೂ ಒಂದು ಸಾಲು ಬರೀತಿದ್ದೆ,” ಎಂದರು.

ಹೊರಡುವಾಗ ಅಂಕಲ್ ಪುಸ್ತಕವನ್ನು ನನ್ನ ಕೈಗಿಟ್ಟರು. “ನೋಡ್ಕೊಂಡು ವಾಪಸ್ ಕೊಡು. ಅವರಿಗೂ ತೋರಿಸು. ಈ ಸಲವಾದ್ರೂ ಕೇಳ್ತಾರೇನೋ...”

ನಾನು ರೈಲಿನಲ್ಲೇ ಓದಲು ಶುರುಮಾಡಿದೆ. ಮೂರು ವಾರದಲ್ಲಿ ಅದರ ತಿರುಳನ್ನೆಲ್ಲ ಇಂಗ್ಲಿಷಿನಲ್ಲಿ ಒಂದು ಎಕ್ಸೆಲ್ ಹಾಳೆಗೆ ಇಳಿಸಿದೆ. ಎಂಥ ಪುಸ್ತಕ ಅದು! ಕಂಪನಿಯ ದೊಡ್ಡ ದೊಡ್ಡ ಪರೀಕ್ಷೆಗಳು ಕಾಣದಿದ್ದದ್ದು ಅಲ್ಲಿತ್ತು. ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಮೊದಲ ಕೆಂಪು ಚುಕ್ಕೆ ಮೂಡುತ್ತದೆ. ಆ ದಿನಗಳಲ್ಲಿ ಪ್ರತಿ ಭಾನುವಾರ ಅಂಕಲ್ ಫೋನ್ ಮಾಡುತ್ತಿದ್ದರು. “ಏನಮ್ಮ, ಎಲ್ಲಿಗೆ ಬಂತು ನಮ್ಮ ತೂತು?” ಎಂದೇ ಮಾತು ಶುರು.

ನನ್ನ ವರದಿಯ ಕೊನೆಯ ಪುಟದಲ್ಲಿ ಅವರ ಹೆಸರು, ಆಂಟಿಯ ಹೆಸರು, ಊರು ಎಲ್ಲ ಬರೆದಿದ್ದೆ. ಇದು ಮಾತ್ರ ನಿಜ, ಯಾರೂ ನಂಬಬೇಕಾಗಿಲ್ಲ. ಮೀಟಿಂಗಿನ ಹಿಂದಿನ ದಿನ ನನ್ನ ಮ್ಯಾನೇಜರ್ ಅದನ್ನು ತಿರುವಿಹಾಕಿ, ಒಬ್ಬ ಗಿರಾಕಿಯ ಮನೆಯ ಪುಸ್ತಕ ಎಂದರೆ ಅಮೆರಿಕದವರು ಇದನ್ನು ಅಷ್ಟು ಗಂಭೀರವಾಗಿ ನೋಡಲಿಕ್ಕಿಲ್ಲ, ಈ ಸಾಲು ಬೇಕೇ ಎಂದು ಕೇಳಿದರು. ತೆಗೆ ಎನ್ನಲಿಲ್ಲ. ಬೇಕೇ ಎಂದು ಕೇಳಿದರು, ಅಷ್ಟೇ. ಬೇಕು ಎನ್ನಬಹುದಿತ್ತು. ನಾನು ಅವರೆದುರಿಗೇ ಲ್ಯಾಪ್‌ಟಾಪ್ ತಿರುಗಿಸಿಕೊಂಡು ಆ ಸಾಲು ಅಳಿಸಿ, ‘ಕ್ಷೇತ್ರ ಅಧ್ಯಯನ’ ಎಂದು ಬರೆದೆ.

ಮರುದಿನ ಅಮೆರಿಕದಿಂದ ಬಂದಿದ್ದ ಮುಖ್ಯಸ್ಥರು ಎಲ್ಲ ಕೇಳಿ, ಇಷ್ಟೆಲ್ಲ ಹೇಗೆ ತಿಳಿದುಕೊಂಡೆ ಎಂದರು. ಒಂದೇ ಮಾತಿನಲ್ಲಿ ಮುಗಿಯುವ ಉತ್ತರ. ನನ್ನ ಬಾಯಿಂದ ಬಂದದ್ದು, ಒಂದು ಚಳಿಗಾಲವಿಡೀ ಕಾರುಗಳ ಕೆಳಗೆ ಮಲಗಿ ಕಲಿತೆ ಎಂಬ ಮಾತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಜನ್ಮದಲ್ಲಿ ಒಂದು ಕಾರಿನ ಕೆಳಗೂ ಮಲಗಿದವಳಲ್ಲ. ಸುಳ್ಳು ಸಿಕ್ಕಿಬೀಳುವ ಭಯವೂ ಇರಲಿಲ್ಲ. ಆ ಪುಸ್ತಕ ನನ್ನ ಮೇಜಿನ ಮೇಲೇ ಬಿದ್ದಿದ್ದರೂ ಅದನ್ನು ಓದಬಲ್ಲವರು ಆ ಕಟ್ಟಡದಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.

ಕೆಲಸ ಖಾಯಂ ಆಯಿತು. ಅಂಕಲ್‌ಗೆ ಫೋನಿನಲ್ಲಿ ಹೇಳಿದಾಗ ನನ್ನ ಅಪ್ಪನಿಗಿಂತ ಹೆಚ್ಚು ಸಂತೋಷಪಟ್ಟರು. ಹೊಸ ಮಾದರಿ ಬರುವ ಮೊದಲು ಎಲ್ಲ ಹೇಳಿಬಿಡಬೇಕು ಎಂದುಕೊಂಡೆ. ಈ ಭಾನುವಾರ ಬೇಡ, ಮುಂದಿನ ಭಾನುವಾರ... ಹಾಗೇ ದಿನ ಹೋಯಿತು.

ಹೊಸ ಕಾರು ಬಂದಾಗ, ಬಿಟ್ಟುಹೋದ ಗಿರಾಕಿಗಳನ್ನೆಲ್ಲ ಕರೆದು ಓಡಿಸಲು ಕೊಡುವ ಕಾರ್ಯಕ್ರಮವಿತ್ತು. ಸ್ಯಾಂಡ್‌ವಿಕೆನ್‌ನವರಿಗೆ ಪಕ್ಕದ ಯೆವ್ಲೆ ಪಟ್ಟಣದ ಶೋರೂಮಿನಲ್ಲಿ. ಆ ದಿನ ನನ್ನನ್ನೂ ಅಲ್ಲಿಗೆ ಕಳಿಸಿದ್ದರು. ಅಂಕಲ್ ಕೋಟು ಹಾಕಿಕೊಂಡು ಬಂದಿದ್ದರು, ಆಂಟಿ ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್. ಅಂಕಲ್ ಯಾರ ಮಾತನ್ನೂ ಕೇಳದೆ ನೇರವಾಗಿ ಕಾರಿನ ಹತ್ತಿರ ಹೋಗಿ, ಬಾಗಿಲು ತೆಗೆದು, ಆ ವಯಸ್ಸಿನಲ್ಲಿ ನೆಲಕ್ಕೆ ಮೊಣಕಾಲೂರಿ, ಬಾಗಿಲಿನ ಅಡಿಗೆ ಬೆರಳು ಆಡಿಸಿದರು. ಬೆರಳು ಒಂದು ಕಡೆ ನಿಂತಿತು.

“ಲೇ, ಬಾರೇ ಇಲ್ಲಿ! ನಮ್ಮ ತೂತು ನೋಡೇ! ಎರಡೇ ಬೆರಳು, ನಾನು ಹೇಳಿದ ಜಾಗದಲ್ಲೇ ಇದೆ!”

ಆಂಟಿಯೂ ಬಗ್ಗಿ ನೋಡಿದರು. ಇಬ್ಬರೂ ನೆಲದ ಮೇಲೆ ಕೂತು ಮಕ್ಕಳ ಹಾಗೆ ನಗುತ್ತಿದ್ದರು. ಅಷ್ಟರಲ್ಲಿ ಸೇಲ್ಸ್‌ಮನ್ ಬಂದ. ಒಳ್ಳೆಯ ಹುಡುಗನೇ, ಅವನ ತಪ್ಪೇನೂ ಇಲ್ಲ. ಇದನ್ನೆಲ್ಲ ಕಂಡುಹಿಡಿದವರು ಇವರೇ, ನಿಮ್ಮ ದೇಶದವರೇ ಎಂದು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿ, ಅವರಿಗೊಂದು ಬ್ರೋಷರ್ ಕೊಟ್ಟ. ಅದರಲ್ಲಿ ನನ್ನ ಫೋಟೊ ಇತ್ತು. ಕೆಳಗೆ ನಾನು ಹೇಳಿದ ಮಾತು, ಸ್ವೀಡಿಷ್‌ನಲ್ಲಿ: ‘ಒಂದು ಚಳಿಗಾಲವಿಡೀ ಕಾರುಗಳ ಕೆಳಗೆ ಮಲಗಿ ಕಲಿತೆ.’

ಅಂಕಲ್ ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದರು. ಆಮೇಲೆ ನನ್ನನ್ನು ನೋಡಿದರು. “ಹೌದಾ?” ಎಂದರು. ಅಷ್ಟೇ.

“ಅಂಕಲ್, ನಾನು ನಿಮಗೆ ಹೇಳ್ಬೇಕು ಅಂತಾನೇ ಇದ್ದೆ...”

“ಇಲ್ಲ, ಇಲ್ಲ. ಕಾರು ಚೆನ್ನಾಗಿ ಬಂದಿದೆ. ನೀವು ಒಳ್ಳೆ ಕೆಲಸ ಮಾಡಿದ್ದೀರಿ.”

ನೀವು. ಅದುವರೆಗೆ ಅವರು ನನ್ನನ್ನು ನೀನು ಎಂದಲ್ಲದೆ ಕರೆದವರಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ಅವರು ಬ್ರೋಷರನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು, ಆಂಟಿಯ ಕೈ ಹಿಡಿದು ಎಬ್ಬಿಸಿದರು. ಆಂಟಿ ನನ್ನ ಮುಖ ನೋಡಲಿಲ್ಲ.

ಅವರು ಆ ಕಾರನ್ನು ಕೊಂಡರು. ಅದೇ ದಿನ, ಅಲ್ಲೇ ಸಹಿ ಹಾಕಿದರು. ಕಂಪನಿಗೆ ಬಿಟ್ಟುಹೋದ ಗಿರಾಕಿ ವಾಪಸ್ ಬಂದಿದ್ದ. ಆ ಭಾನುವಾರ ನನಗೆ ಫೋನ್ ಬರಲಿಲ್ಲ. ಮುಂದಿನ ಭಾನುವಾರವೂ.

ನಾನೇ ಮಾಡಬಹುದಿತ್ತು. ಮಾಡಲಿಲ್ಲ. ಪುಸ್ತಕ ನನ್ನ ಹತ್ತಿರವೇ ಉಳಿದಿತ್ತು. ಪೋಸ್ಟಿನಲ್ಲಿ ಕಳಿಸಿದರೆ ಸಂಬಂಧ ಮುಗಿಯಿತು ಎಂದ ಹಾಗೆ, ಕೈಯಲ್ಲಿ ಕೊಡಬೇಕೆಂದರೆ ಮುಖ ತೋರಿಸಬೇಕು. ಎರಡೂ ಆಗದೆ ಅದನ್ನು ಕಚೇರಿಯ ಡ್ರಾಯರಿನಲ್ಲಿ ಇಟ್ಟೆ. ಕೆಲವು ವರ್ಷಗಳ ಮೇಲೆ ಕಚೇರಿ ಬೇರೆ ಕಟ್ಟಡಕ್ಕೆ ಹೋಯಿತು. ನಿಮ್ಮ ಸಾಮಾನಿಗೆ ಹೆಸರು ಅಂಟಿಸಿ ಎಂದು ಮೇಲ್ ಬಂದಿತ್ತು, ಓದಿಯೂ ಇದ್ದೆ. ರಜೆಗೆ ತುಮಕೂರಿಗೆ ಹೊರಡುವ ಗಡಿಬಿಡಿ, ಬಂದ ಮೇಲೆ ಮಾಡಿದರಾಯಿತು ಎಂದುಕೊಂಡೆ. ಬಂದಾಗ ಹಳೆಯ ಕಟ್ಟಡ ಖಾಲಿ. ಯಾರಿಗೂ ಓದಲು ಬಾರದ ಅಕ್ಷರದ ಹಳೆಯ ಪುಸ್ತಕವನ್ನು ರದ್ದಿಗೆ ಹಾಕಿದ್ದರು. ಅವರನ್ನು ಏನೆಂದು ಬೈಯಲಿ...

ಈ ಬೇಸಿಗೆಯಲ್ಲಿ ಆಂಟಿಯ ಫೋನ್ ಬಂತು. ಅಂಕಲ್ ತೀರಿಹೋಗಿ ಎರಡು ತಿಂಗಳಾಗಿತ್ತು. “ನಿನಗೆ ತಿಳಿಸ್ಬೇಕು ಅಂತ ಆಗ ಅನ್ನಿಸ್ಲಿಲ್ಲ,” ಎಂದರು, ಸುತ್ತಿಬಳಸದೆ. “ಈಗ ಆ ಪುಸ್ತಕ ಬೇಕು. ಮಗಳು ಕೇಳ್ತಿದ್ದಾಳೆ. ಅವಳಿಗೆ ಕನ್ನಡ ಓದಕ್ಕೆ ಬರಲ್ಲ, ನಾನು ಓದಿ ಹೇಳ್ತೀನಿ ಅಂದಿದ್ದೀನಿ.”

ಕಳೆದುಹೋಯಿತು ಎಂದು ಆ ಹೊತ್ತಿಗೆ ಹೇಳುವ ಧೈರ್ಯ ಬರಲಿಲ್ಲ. ತರುತ್ತೇನೆ ಎಂದೆ. ಈಗ ಕಂಪನಿ ಬಿಟ್ಟಿರುವ ಆ ಅಮೆರಿಕದ ಮುಖ್ಯಸ್ಥರಿಗೆ ನಿಜ ಬರೆದು ಮೇಲ್ ಕಳಿಸಿದೆ. ಎರಡು ಸಾಲಿನ ಉತ್ತರ ಬಂತು: ಚಂದದ ಕತೆ, ಆ ಮಾದರಿ ಈಗ ತಯಾರಾಗುವುದೂ ಇಲ್ಲವಲ್ಲ. ನನ್ನ ಹತ್ತಿರ ಉಳಿದದ್ದು ಎಕ್ಸೆಲ್ ಹಾಳೆ ಒಂದೇ. ಒಂದು ಲಾಂಗ್ ಬುಕ್ ಕೊಂಡು, ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ತಂದು, ಒಂದೊಂದು ಸಾಲನ್ನೂ ಕೈಯಲ್ಲಿ ಬರೆದೆ. ಮುಗಿಯಲು ಆರು ವಾರ ಹಿಡಿಯಿತು.

ಅದನ್ನು ತೆಗೆದುಕೊಂಡು ಹೋದದ್ದು ಹೋದ ತಿಂಗಳು. ಅಂಗಳದಲ್ಲಿ ಆ ಕಾರು ನಿಂತಿತ್ತು. ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ಒಳಗೆ ಕೂತು ಆಂಟಿಗೆ ಎಲ್ಲ ಹೇಳಿದೆ, ಹೆಸರು ಅಳಿಸಿದ್ದು, ಪುಸ್ತಕ ರದ್ದಿಗೆ ಹೋದದ್ದು, ಎಲ್ಲ. ಅವರು ಅಳಲಿಲ್ಲ. ನಾನು ಬರೆದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿಟ್ಟು ಓದುತ್ತ, ನಿಧಾನವಾಗಿ ಪುಟ ತಿರುಗಿಸಿದರು. ಬಹಳ ಹೊತ್ತು ಹಾಗೇ ಓದಿದರು.

“ಇದರಲ್ಲಿ ಬರೀ ಕಾರಿದೆಯಲ್ಲಮ್ಮ,” ಎಂದರು.

ಅವರು ಪುಸ್ತಕ ಮುಚ್ಚಿದರು. “ಮಗಳಿಗೆ ನಾನು ಹೇಳಲ್ಲ. ಅವಳು ಹೆಲ್ಸಿಂಗ್‌ಬೋರ್ಯ್‌ನಿಂದ ಬಂದಾಗ ನೀನೇ ಬಂದು ಹೇಳು.”

ನಾಡಿದ್ದು ಶನಿವಾರ ಮಗಳು ಬರುತ್ತಾಳೆ. ನಾನೂ ಹೋಗುತ್ತಿದ್ದೇನೆ. ಪುಸ್ತಕ ಹೇಗೆ ಕಳೆಯಿತು ಎಂದು ಸ್ವೀಡಿಷ್‌ನಲ್ಲಿ ಹೇಳಬಲ್ಲೆ, ಅದಕ್ಕೆ ಬೇಕಾದ ಮಾತುಗಳು ನನ್ನಲ್ಲಿವೆ. ಆದರೆ ಅದರಲ್ಲಿ ಅಮ್ಮ ಏನೇನು ಬರೆದಿದ್ದಳು ಎಂದು ಅವಳು ಕೇಳೇ ಕೇಳುತ್ತಾಳೆ. ಅವರಿಬ್ಬರನ್ನು ಬಿಟ್ಟರೆ ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ನಾನೊಬ್ಬಳೇ. ನೆನಪಿಗೆ ತಂದುಕೊಳ್ಳಲು ನೋಡುತ್ತಿದ್ದೇನೆ... ನಾಲ್ಕು ಸಾಲು ಕೂಡ ಬರುತ್ತಿಲ್ಲ. ನಾನು ಅದನ್ನು ಕಾರು ಹುಡುಕುತ್ತ ಓದಿದ್ದೆ.