ಮೌಲಾಲಿ ಗುಡ್ಡದ ಮೇಲೆ ವಿಮಲಾ ತೆಗೆದ ಫೋಟೊ

ನಮ್ಮ ಮನೆಯ ಕ್ಯಾಮೆರಾ ಚೀಲಕ್ಕೆ ಶೇಂಗಾ ಚಟ್ನಿಯ ವಾಸನೆಯಿದೆ. ಮೊನ್ನೆ ಮಳೆ ಹೊಳವಾದ ಮೇಲೆ ಅದನ್ನು ಬಾಲ್ಕನಿಯ ಬಿಸಿಲಿಗೆ ಹಾಕಿದಾಗ ಬೆಳ್ಳುಳ್ಳಿಯ ಘಾಟು ಮತ್ತೆ ಮೂಗಿಗೆ ಬಡಿಯಿತು. ಲೆನ್ಸ್ ಇಡಲೆಂದು ಮಾಡಿದ ಮೆತ್ತನೆಯ ಖಾನೆಯಲ್ಲಿ ನನ್ನ ಹೆಂಡತಿ ವಿಮಲಾ ರೊಟ್ಟಿ ಡಬ್ಬಿ ಇಟ್ಟುಕೊಂಡು ಊರೆಲ್ಲ ತಿರುಗಿದ್ದರ ಫಲ ಅದು. ಲೆನ್ಸಿಗೂ ಚಟ್ನಿಗೂ ಭೇದ ಮಾಡದ ಈ ಹೆಂಗಸು ನನಗಿಂತ ಒಳ್ಳೆಯ ಫೋಟೊ ತೆಗೆಯುತ್ತಾಳೆಂದು ಒಪ್ಪಿಕೊಳ್ಳಲು ನನಗೆ ಎಷ್ಟು ಕಷ್ಟವಾಯಿತು ಎಂಬುದನ್ನು ನಿಮಗೆ ಹೇಳಬೇಕು.

ಕ್ಯಾಮೆರಾ ಕೊಂಡದ್ದು ನಾನು. ಗದಗ ಬಿಟ್ಟು ಈ ತೆಲುಗು ಸೀಮೆಗೆ ಬಂದು, ಕುಷಾಯಿಗೂಡದ ಹತ್ತಿರದ ಕಾರ್ಖಾನೆಯಲ್ಲಿ ತಯಾರಾದ ಸಾಮಾನನ್ನು ಪರೀಕ್ಷೆ ಮಾಡಿ ಕಳಿಸುವ ವಿಭಾಗದಲ್ಲಿ ಕೆಲಸಕ್ಕಿರುವವನು. ಕೈಪಿಡಿ ಓದದೆ ಒಂದು ಗುಂಡಿಯನ್ನೂ ಒತ್ತುವವನಲ್ಲ. ಈ ಡಿಜಿಟಲ್ ಕ್ಯಾಮೆರಾದ ಕೈಪಿಡಿಯನ್ನಂತೂ ಸಾಲುಗಳ ಕೆಳಗೆ ಗೆರೆ ಎಳೆದು, ಊಟದ ತಾಟು ಪಕ್ಕಕ್ಕೆ ಸರಿಸಿ ಓದಿದೆ. ಮಲ್ಕಾಜ್‌ಗಿರಿಯಲ್ಲಿ ಖಾದ್ರಿ ಸಾಹೇಬರು ಎಂಬ ನಿವೃತ್ತ ವಿಜ್ಞಾನದ ಮಾಸ್ತರರು ರವಿವಾರ ಬೆಳಿಗ್ಗೆ ಆಸಕ್ತರನ್ನು ಹೊರಗೆ ಕರೆದೊಯ್ದು ಕಪ್ಪು ಬಿಳುಪು ಫೋಟೊ ತೆಗೆಯುವುದನ್ನು ಕಲಿಸುತ್ತಾರೆಂದು ಕೇಳಿ ಸೇರಿಕೊಂಡೆ. ಬೀದರ ಕಡೆಯವರು, ನಮ್ಮ ಕನ್ನಡವೇ ಅವರದೂ. ವಿಮಲಾ ನನ್ನ ಬೆನ್ನಿಗೆ ಬಂದದ್ದು ಕಲಿಯಲಿಕ್ಕಲ್ಲ. ಅವಳಿಗೆ ಸಕ್ಕರೆ ಕಾಯಿಲೆ, ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ವಾರವೆಲ್ಲ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ರವಿವಾರದ ಅಡ್ಡಾಟ ಅಷ್ಟೇ ಸಾಕಿತ್ತು.

ಮೊದಲ ಪಾಠ ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಓಣಿಯಲ್ಲಿ. ಗುಲ್‌ಮೊಹರ್ ಮರ ಹೂವಾಗಿ ನಿಂತಿತ್ತು. ಹಸಿರು ಎಲೆಗಳ ನಡುವೆ ಕೆಂಪು ಗೊಂಚಲು. ಇದಕ್ಕಿಂತ ಬೇರೇನು ಬೇಕು ಎಂದುಕೊಂಡು ಕೈಪಿಡಿಯಲ್ಲಿದ್ದ ಹಾಗೆಯೇ ಎಲ್ಲ ಹೊಂದಿಸಿ ತೆಗೆದೆ. ಕ್ಯಾಮೆರಾದ ಪರದೆಯ ಮೇಲೆ ಎಲೆಯೂ ಬೂದಿ, ಹೂವೂ ಬೂದಿ. ಎರಡಕ್ಕೂ ಒಂದೇ ಬಣ್ಣ ಬಂದು ಮರವೇ ಕಲಸಿಹೋಗಿತ್ತು.

"ನೀವು ಬಣ್ಣ ನೋಡಿದ್ರಿ" ಎಂದರು ಸಾಹೇಬರು. "ಕಪ್ಪು ಬಿಳುಪಿನಾಗ ಕೆಂಪು, ಹಸಿರು ಎರಡೂ ಒಂದ ಆಗತಾವು. ಬೆಳಕು ಎಲ್ಲಿಂದ ಬರಾಕತ್ತೈತಿ, ನೆರಳು ಎಲ್ಲಿ ಬೀಳಾಕತ್ತೈತಿ, ಅಷ್ಟ ನೋಡ್ರಿ."

ನಾನು ಮತ್ತೆ ಗುಂಡಿ ತಿರುಗಿಸುತ್ತಿರುವಾಗ ವಿಮಲಾ, "ನಾ ಒಂದು ತೆಗೀಲೇನ್ರಿ?" ಎಂದು ಕೈ ಚಾಚಿದಳು. ಹೆಂಡತಿಯ ಆಸೆಗೆ ಯಾಕೆ ಅಡ್ಡಿ ಎಂದು ಕೊಟ್ಟೆ. ಅವಳು ಮರದತ್ತ ತಿರುಗಿಯೂ ನೋಡಲಿಲ್ಲ. ಎದುರಿನ ಮನೆಯವರು ಹಗ್ಗದ ಮೇಲೆ ಬಿಳಿ ಚಾದರ ಒಣಹಾಕಿದ್ದರು. ಮರದ ನೆರಳು ಅದರ ಮೇಲೆ ಬಿದ್ದಿತ್ತು. ಒಂದೇ ಸಲ ಒತ್ತಿದಳು.

ಸಾಹೇಬರು ಆ ಪರದೆಯನ್ನು ಬಹಳ ಹೊತ್ತು ನೋಡಿ, ಜೊತೆಗಿದ್ದವರಿಗೆಲ್ಲ ತೋರಿಸಿದರು. "ಅಕ್ಕಾವ್ರ, ನಿಮಗ ಇದು ಯಾರು ಕಲಿಸಿದ್ರು?"

"ಯಾರೂ ಇಲ್ರಿ. ಚಾದರ ಒಣಗಾಕತ್ತಿತ್ತು, ನೆರಳು ಛಂದ ಕಾಣ್ತು."

ನನ್ನ ಹೊಟ್ಟೆಯೊಳಗೆ ಅವತ್ತು ಹೊತ್ತಿಕೊಂಡದ್ದಕ್ಕೆ ಮೊದಮೊದಲು ನಾನು ಅಸಿಡಿಟಿ ಎಂದು ಹೆಸರಿಟ್ಟಿದ್ದೆ. ಜನ ಪಕ್ಕದ ಮನೆಯ ಕಾರು ಕಂಡು ಹೊಟ್ಟೆಕಿಚ್ಚು ಪಡುತ್ತಾರೆ, ಜೊತೆಗಾರನ ಬಡ್ತಿ ಕಂಡು ಪಡುತ್ತಾರೆ. ಅಲ್ಲಿ ಒಂದು ಅನುಕೂಲವಿದೆ, ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಂಡು ಹಗುರಾಗಬಹುದು. ನನಗೆ ಆ ದಾರಿಯೂ ಇರಲಿಲ್ಲ. ಟ್ರೈಪಾಡ್ ತಂದೆ, ಫಿಲ್ಟರ್ ತಂದೆ, ನಸುಕಿನಲ್ಲಿ ಎದ್ದು ಒಬ್ಬನೇ ಹೋಗಿ ಅಭ್ಯಾಸ ಮಾಡಿದೆ. ಸಂಜೆ ಕಂಪ್ಯೂಟರಿನಲ್ಲಿ ಅವಳ ಚಿತ್ರಗಳನ್ನು ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕುತ್ತಿದ್ದೆ. ಕಾರ್ಖಾನೆಯಲ್ಲಿ ದೋಷ ಹಿಡಿದು ರೂಢಿಯಾದ ಕಣ್ಣು, ಏನಾದರೂ ಸಿಕ್ಕೇ ಸಿಗುತ್ತಿತ್ತು.

"ಕೆರಿ ದಂಡಿ ಸೊಟ್ಟ ಆಗೇತಿ ನೋಡು" ಎನ್ನುತ್ತಿದ್ದೆ.

"ಹೌದಲ್ರಿ" ಎಂದು ಅವಳು ಕೂತು ನೆಟ್ಟಗೆ ಮಾಡುತ್ತಿದ್ದಳು. ಚಿತ್ರ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ.

ಚಳಿಗಾಲದ ಒಂದು ರವಿವಾರ ಸಾಹೇಬರು ನಮ್ಮನ್ನು ಮೌಲಾಲಿ ಗುಡ್ಡಕ್ಕೆ ಕರೆದೊಯ್ದರು. ಕಪ್ಪು ಬಿಳುಪಿಗೆಂದೇ ಇಟ್ಟಂಥ ಬಂಡೆಗಳು ಅಲ್ಲಿ. ಒಂದರ ಮೇಲೊಂದು ಕೂತು, ಓರೆ ಬಿಸಿಲಿಗೆ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಮಗ್ಗುಲು ಕಾಡಿಗೆಗಪ್ಪು. ಮೊದಲ ಸರದಿ ನನ್ನದು. ಟ್ರೈಪಾಡ್ ನಿಲ್ಲಿಸಿ, ಅಳೆದು ಅಳೆದು ತೆಗೆದೆ. ಸಾಹೇಬರು ನೋಡಿ, "ಚುಕ್ಕಿನೂ ತಪ್ಪಿಲ್ಲ" ಎಂದರು. ಅಷ್ಟೇ. ತಪ್ಪಿಲ್ಲದ್ದಕ್ಕೆ ನಾನೇ ಕಾರ್ಖಾನೆಯಲ್ಲಿ ದಿನವೂ ಸೀಲು ಒತ್ತುತ್ತೇನೆ. ಆ ಮಾತಿನಲ್ಲಿ ಎಷ್ಟು ಹೊಗಳಿಕೆ ಇದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕ್ಯಾಮೆರಾ ಅವಳ ಕೈಗೆ ಹೋಯಿತು. ನಾನು ದೂರದ ಬಂಡೆಯೊಂದರ ಮೇಲೆ ಹೋಗಿ ಕೂತೆ. ಸಾಹೇಬರು ಅವಳ ಹಿಂದೆಯೇ ಓಡಾಡುತ್ತಿದ್ದರು. ಅವಳು ಏನೋ ತೋರಿಸಿದರೆ ಅವರು ಬಗ್ಗಿ ನೋಡಿ, ತಲೆದೂಗಿ ನಗುತ್ತಿದ್ದರು. ನನಗೆ ಮಾತು ಕೇಳಿಸುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಅವಳ ಒಂದೊಂದು ಹೆಜ್ಜೆಯನ್ನೂ ನೋಡಿದೆ. ಎಲ್ಲಿ ನಿಲ್ಲುತ್ತಾಳೆ, ಯಾವಾಗ ಉಸಿರು ಹಿಡಿಯುತ್ತಾಳೆ, ನನಗೆ ಕಾಣದ್ದು ಇವಳಿಗೆ ಏನು ಕಾಣುತ್ತದೆ. ಮನೆಗೆ ಬಂದ ಮೇಲೂ ಬಿಮ್ಮನೆ ಇದ್ದೆ. ಆ ದಿನದ ಅವಳ ಚಿತ್ರಗಳನ್ನು ತೆಗೆದೂ ನೋಡಲಿಲ್ಲ.

ಕೆಲವು ವಾರಗಳ ಮೇಲೆ ಸಾಹೇಬರು ತಮ್ಮ ಓಣಿಯ ಸಭಾಭವನದಲ್ಲಿ ಶಿಷ್ಯರ ಫೋಟೊಗಳನ್ನು ತೂಗುಹಾಕಿದರು. ನನ್ನ ಬಂಡೆಗಳು ಬಾಗಿಲ ಬದಿಗಿದ್ದವು. ಜನ ಚಪ್ಪಲಿ ಬಿಡುತ್ತ ಅವುಗಳತ್ತ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ಒಳಗಿನ ಗೋಡೆಯ ನಡುಮಧ್ಯೆ ವಿಮಲಾ ತೆಗೆದದ್ದು. ಅದರಲ್ಲಿ ಇದ್ದವನು ನಾನು. ಬಂಡೆಯ ಮೇಲೆ ಮೊಣಕಾಲು ತಬ್ಬಿ ಕೂತಿದ್ದೇನೆ. ಅರ್ಧ ಮುಖಕ್ಕೆ ಬಿಸಿಲು, ಅರ್ಧಕ್ಕೆ ನೆರಳು, ಕಣ್ಣು ನೆಟ್ಟಗೆ ಕ್ಯಾಮೆರಾದ ಕಡೆಗೆ.

ಎದುರಿಗೆ ವಯಸ್ಸಾದ ತೆಲುಗಿನ ಹೆಂಗಸೊಬ್ಬರು ಗಂಡನ ತೋಳು ಹಿಡಿದು ನಿಂತಿದ್ದರು. "ಎಂತ ಪ್ರೇಮಗಾ ಚೂಸ್ತುನ್ನಾಡೋ ಚೂಡಂಡಿ" ಎಂದರು. ಎಷ್ಟು ಪ್ರೀತಿಯಿಂದ ನೋಡುತ್ತಿದ್ದಾನೆ ನೋಡಿ ಅಂತ. ನಾನು ಮೆಲ್ಲಗೆ ಬೇರೆ ಗೋಡೆಯತ್ತ ಜರುಗಿದೆ.

ಮನೆಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗ ಕೇಳಿಯೇಬಿಟ್ಟೆ. "ಅವತ್ತು ಅಲ್ಲಿ ಕುಂತು ನಾ ಏನು ವಿಚಾರ ಮಾಡಾಕತ್ತಿದ್ದೆ, ನಿನಗ ಗೊತ್ತೇನು?"

"ಗೊತ್ತೈತ್ರಿ. ಕ್ಯಾಮೆರಾ ಹೆಂಗ ಕಸಗೊಳ್ಳೋದು ಅಂತ."

"ಗೊತ್ತಿದ್ದೂ ಯಾಕ ತೆಗದಿ?"

ಅವಳು ನನ್ನ ಬೆನ್ನ ಹಿಂದಿನಿಂದ ಹೇಳಿದಳು: "ಲಗ್ನ ಆಗಿ ಇಷ್ಟು ವರ್ಷದಾಗ ನೀವು ನನ್ನ ಅಷ್ಟೊತ್ತು ನೋಡಿದ್ದು ಅವತ್ತ ರೀ."

ಸಿಗ್ನಲ್ ಬಿಟ್ಟಿತ್ತು. ಹಿಂದಿನ ಆಟೊದವನು ಹಾರ್ನ್ ಹೊಡೆದ ಮೇಲೆ ನಾನು ಗಾಡಿ ಮುಂದೆ ಬಿಟ್ಟೆ.

ಹೊಟ್ಟೆಕಿಚ್ಚು ಹೋಯಿತು ಎಂದರೆ ಸುಳ್ಳಾಗುತ್ತದೆ. ಅವಳ ಚಿತ್ರವನ್ನು ಯಾರಾದರೂ ಹೊಗಳಿದರೆ ಈಗಲೂ ಒಳಗೆ ಚುರುಕ್ ಎನ್ನುತ್ತದೆ. ಆದರೆ ಅವಳ ಚಿತ್ರಗಳನ್ನು ನನ್ನಷ್ಟು ಕಣ್ಣಿಟ್ಟು ನೋಡುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ ಎಂಬ ಜಂಬವೂ ಅದರ ಜೊತೆ ಬಂದು ಸೇರಿದೆ.

ಇವತ್ತು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಅವಳು ಒಂದು ಬೆಳ್ಳಕ್ಕಿಯ ಸಲುವಾಗಿ ಹುಲ್ಲಿನಲ್ಲಿ ಮೊಣಕಾಲೂರಿ ಕೂತಿದ್ದಳು. ಹಕ್ಕಿ ಅಲುಗುತ್ತಿರಲಿಲ್ಲ, ಅವಳೂ ಅಲುಗುತ್ತಿರಲಿಲ್ಲ. ಕಿವಿಯ ಹಿಂದಿನ ನರೆಗೂದಲಿಗೆ ಹಿಂಬದಿಯಿಂದ ಬಿಸಿಲು ಬಿದ್ದು ಆ ಹಕ್ಕಿಯಷ್ಟೇ ಬೆಳ್ಳಗೆ ಹೊಳೆಯಿತು. ಅದು ಯಾವಾಗ ನರೆತಿತೋ ನನಗೆ ತಿಳಿಯದು. ಕ್ಯಾಮೆರಾ ಅವಳ ಕೈಯಲ್ಲೇ ಇತ್ತು.

"ನಿಮ್ಮ ಪಾಳಿ ಏನ್ರಿ?" ಎಂದಳು, ಹಕ್ಕಿಯಿಂದ ಕಣ್ಣು ಕೀಳದೆ.

"ಇಲ್ಲ, ನೀ ತೆಗಿ" ಎಂದೆ. ಪಕ್ಕದ ಕಲ್ಲಿನ ಮೇಲೆ, ಅವಳು ಚೆನ್ನಾಗಿ ಕಾಣುವ ಕಡೆ ತಿರುಗಿ ಕೂತುಕೊಂಡೆ.