ಸುಂಕಪ್ಪನ ಎಂಟು ದಿನ

ಚಿತ್ತವಾಡ್ಗಿಯ ಬಣ್ಣದ ಮೀನಿನ ಅಂಗಡಿಯ ಸುಂಕಪ್ಪನ ಹತ್ತಿರ ಗಾಜಿನ ತೊಟ್ಟಿ ಕೊಂಡ ದಿನವೇ ಮೀನನ್ನೂ ಕೊಂಡುಹೋದವರು ಹೊಸಪೇಟೆಯಲ್ಲಿ ಯಾರೂ ಇಲ್ಲ. ಅದಿರಿನ ದುಡ್ಡು ಹರಿಯುತ್ತಿರುವ ಕಾಲ. ಸಂಡೂರಿನ ಕೆಂಧೂಳು ಹೊತ್ತ ಜೀಪು ಬಾಗಿಲಿಗೆ ಬಂದು ನಿಂತು "ನಾಳೆ ಹೊಸ ಮನಿ ಪೂಜಾ ಐತಿ, ಮೀನು ಇವತ್ತ ಬೇಕು" ಎಂದರೂ ಅವನದು ಒಂದೇ ಮಾತು: "ತೊಟ್ಟಿ ಒಯ್ಯಿರಿ, ನೀರು ತುಂಬಿ ಗಾಳಿ ಮೋಟ್ರು ಹಚ್ಚಿ ಇಡ್ರಿ. ನೀರು ಹದಕ್ಕ ಬರ್ಲಿ. ಮೀನು ಎಂಟು ದಿನ ಬಿಟ್ಟು." ಗುಡ್ಡವನ್ನೇ ಬರೆದುಕೊಟ್ಟರೂ ಏಳನೆಯ ದಿನ ಕೊಡುವವನಲ್ಲ. ಎಂಟನೆಯ ದಿನ ಒಬ್ಬರೇ ಬಂದರೂ ವಾಪಸು ಕಳಿಸುತ್ತಾನೆ: "ಮನಿಮಂದೆಲ್ಲಾ ಬರ್ರಿ, ಒಬ್ಬೊಬ್ರು ಒಂದೊಂದು ಆರಿಸ್ರಿ." ಮೊಣಕಾಲು ನೋವಿನ ಅಜ್ಜಿ ಆಟೋದಿಂದ ಇಳಿಯಲಾಗದಿದ್ದರೆ ಮೀನು ಬಿಟ್ಟ ನೀರಿನ ಚೀಲ ಹಿಡಿದು ತಾನೇ ಆಟೋದವರೆಗೆ ಹೋಗುತ್ತಾನೆ, "ಮಂಡಕ್ಕಿ ಹಾಕಬ್ಯಾಡಬೇ, ಇದು ಗುಡಿ ಹೊಂಡ ಅಲ್ಲ" ಎಂದು ಅವಳಿಗೂ ತಾಕೀತು ಮಾಡುತ್ತಾನೆ. ಬೈದುಕೊಂಡು ಹೋದವರೇ ತಿಂಗಳಾದ ಮೇಲೆ ಪೇಢೆ ತಂದು "ಒಂದೂ ಸತ್ತಿಲ್ಲ ನೋಡು" ಎಂದು ಕೈಮುಗಿದರೆ, ಸುಂಕಪ್ಪ ಬಳ್ಳಾರಿಯ ಒಬ್ಬ ಮುದುಕ ಅಂಗಡಿಯವನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಾನೆ. ಹಿಂದೆ ಸುಂಕಪ್ಪ ಅದಿರಿನ ಲಾರಿ ಓಡಿಸುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ನಾಲ್ಕು ವರ್ಷದ ಮಗಳು ಅನ್ನಪೂರ್ಣ "ಯಾರೋ ಬಂದಾರ" ಎಂದು ಅವ್ವನ ಸೆರಗಿನ ಹಿಂದೆ ಅಡಗುತ್ತಿದ್ದಳು. ಅವಳಿಗೆಂದು ತೊಟ್ಟಿ ಕೊಂಡಾಗ ಆ ಮುದುಕ ಅವನಿಗೂ ಎಂಟು ದಿನವನ್ನೇ ಹೇಳಿದ್ದ. ಸುಂಕಪ್ಪ ರಜೆ ಹಾಕಿ ಬರೀ ನೀರಿನ ಮುಂದೆ ಕೂತ. ಮೊದಲ ದಿನ ಬಾಗಿಲಲ್ಲೇ ನಿಂತಿದ್ದ ಮಗಳು ನಾಲ್ಕನೆಯ ದಿನ ಬಂದು ಪಕ್ಕದಲ್ಲಿ ಕೂತಳು. ಎಂಟನೆಯ ದಿನ ಬೆಳಿಗ್ಗೆ ಅವಳೇ ಅವನ ಬೆರಳು ಹಿಡಿದು ಎಳೆದಳು: "ಏಳಪ್ಪಾ, ಮೀನು ತರಾಣ."