ಅಳಿವೆಯಲ್ಲಿ, ವಾಪಸು ಮೂರು ಗಂಟೆ

ಶಾಲಿನಿ ಆಂಟಿ, ಅಂಕಲ್ ಫೋಟೋದ ಪಕ್ಕದಲ್ಲಿ ನೀವು ಚೌಕಟ್ಟು ಹಾಕಿಸಿ ಇಟ್ಟಿರುವ ಆ ಇನ್ನೊಂದು ಚಿತ್ರದಲ್ಲಿ ಬರೆದಿರುವುದು ಸುಳ್ಳು. ಬರೆದವಳು ನಾನು. ಸುಳ್ಳೆಂದು ಗೊತ್ತಿದ್ದೇ ಬರೆದೆ.

ಮೂರು ವರ್ಷದಿಂದ ಈ ಮೂರು ಸಾಲನ್ನು ನಿಮ್ಮೆದುರು ಹೇಳಲು ನೋಡಿದ್ದೇನೆ. ಅಲೆನ್‌ನ ನನ್ನ ಮನೆಯಿಂದ ಇರ್ವಿಂಗ್‌ನ ನಿಮ್ಮ ಮನೆಗೆ ಡ್ರೈವ್ ಮಾಡುವಾಗ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತೇನೆ. ನೀವು ಬಾಗಿಲು ತೆಗೆದು "ಊಟ ಮಾಡ್ಲಿಲ್ಲ ಅಲ್ವಾ?" ಎನ್ನುತ್ತೀರಿ. ಅಲ್ಲಿಗೆ ಮುಗಿಯಿತು. ಊಟ ಮಾಡಿ ವಾಪಸು ಬರುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಎರಡು ವರ್ಷದಲ್ಲಿ ನಾನು ಕಂಡಂತೆ, ಅಂಕಲ್‌ಗೆ ಚಳಿಗಾಲವೆಂದರೆ ಮೇ ತಿಂಗಳಿಗಾಗಿ ಕಾಯುವ ಕಾಲ. ಗ್ಯಾರೇಜಿನಲ್ಲಿ ಕೂತು ಗಾಳಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಮಿನ್ನೆಸೋಟದ ಉತ್ತರದ ತುದಿಯಲ್ಲಿರುವ ಆ ಸರೋವರದ ಮಂಜುಗಡ್ಡೆ ಕರಗಿತೇ ಎಂದು ದಿನಾ ಫೋನಿನಲ್ಲಿ ನೋಡುತ್ತಿದ್ದರು. "ಅದಕ್ಕೆ ಸ್ವಲ್ಪ ಉಪ್ಪು ಹಾಕಿದ್ರೆ ನಮ್ಮ ಮಲ್ಪೆಯೇ" ಎನ್ನುತ್ತಿದ್ದರು. ಕೊನೆಯ ಆ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕಿ ಏಳು ತಿಂಗಳಾಗಿತ್ತು. ಮೀನು ಹಿಡಿಯಲು ಹೋಗುವುದು ಬೇಡವೆಂದಿರಿ ನೀವು. ಆಮೇಲೆ ಷರತ್ತು ಹಾಕಿ ಒಪ್ಪಿದಿರಿ. ಹೊಳೆ ಬಂದು ಸರೋವರಕ್ಕೆ ಸೇರುವ ಆಳವಿಲ್ಲದ ಜಾಗದಲ್ಲಿ — ನೀವಿಬ್ಬರೂ ಅದನ್ನು ಊರಿನ ಮಾತಿನಲ್ಲಿ ಅಳಿವೆ ಎನ್ನುತ್ತಿದ್ದಿರಿ — ವಾಲೈ ಮೀನು ಹಿಡಿಯಬಹುದು. ಆಚೆ ಬಂಡೆಗಳ ದಡಕ್ಕೆ, ಆಳದ ನೀರಿಗೆ, ಲೇಕ್ ಟ್ರೌಟ್ ಮೀನು ಹುಡುಕಿಕೊಂಡು ಹೋಗಕೂಡದು. ಅವರ ಕೈಯನ್ನು ನಿಮ್ಮ ತಲೆಯ ಮೇಲೆ ಇಡಿಸಿಕೊಂಡಿರಿ. ಜೊತೆಗೆ ನನ್ನನ್ನು ಕಳಿಸಿದಿರಿ.

ದೋಣಿ ಬಾಡಿಗೆಗೆ ಕೊಡುವ ಮುದುಕನ ಕಟ್ಟೆಯ ಮೇಲೆ ಒಂದು ಬಿಳಿ ಬೋರ್ಡಿತ್ತು. ನೀರಿಗಿಳಿಯುವವರು ತಮ್ಮ ದೋಣಿಯ ಸಂಖ್ಯೆ, ಹೋಗುವ ಜಾಗ, ವಾಪಸು ಬರುವ ಹೊತ್ತನ್ನು ಅದರ ಮೇಲೆ ಬರೆದು ಹೋಗಬೇಕು. ಬಾರದಿದ್ದರೆ ಹುಡುಕುವುದು ಅದನ್ನು ನೋಡಿಯೇ. ಪ್ರತಿ ಬೆಳಿಗ್ಗೆ ಅದರ ಫೋಟೋ ತೆಗೆದು ಕಳಿಸಬೇಕೆಂದು ನೀವು ನನಗೆ ಹೇಳಿದ್ದಿರಿ. ಅಂಕಲ್ ಎದುರಿಗೇ ಹೇಳಿದಿರಿ — "ನೀನು ಹೇಳಿದ್ರೆ ಸಾಕು, ನಂಬ್ತೇನೆ. ಇವರು ಹೇಳಿದ್ರೆ ಮಾತ್ರ ಫೋಟೋ ಬೇಕು." ಅಂಕಲ್ ನಕ್ಕರು. ನಾನೂ ನಕ್ಕೆ. ಒಳಗೊಳಗೇ ಹೆಮ್ಮೆಪಟ್ಟೆ. ಆ ಹೆಮ್ಮೆಯ ವಿಷಯ ಮುಂದೆ ಬರುತ್ತದೆ.

ಮೊದಲ ಎರಡು ದಿನ ಇಬ್ಬರೂ ಅಳಿವೆಗೇ ಹೋದೆವು. ಐದು ವಾಲೈ ಸಿಕ್ಕವು. ಗಾಜಿನಂತೆ ಹೊಳೆಯುವ ಅವುಗಳ ಕಣ್ಣು ಕಂಡು ನನಗೆ ಕಸಿವಿಸಿಯಾಯಿತು. ಮೂರನೆಯ ದಿನ ಮಧ್ಯಾಹ್ನ ನನಗೆ ಪ್ಲೇನೋ ಊರಿನ ಕಂಪನಿಯ ಇಂಟರ್‌ವ್ಯೂ ಇತ್ತು. ನಾವು ಉಳಿದುಕೊಂಡಿದ್ದ ಕ್ಯಾಬಿನ್‌ನಿಂದಲೇ ಆನ್‌ಲೈನಿನಲ್ಲಿ ಕೊಡಬೇಕಿತ್ತು. ನಿಮಗೂ ಗೊತ್ತಿತ್ತು. ಅಳಿವೆಗಾದರೆ ಒಬ್ಬರೇ ಹೋಗಲಿ ಎಂದಿರಿ.

ಬೆಳಿಗ್ಗೆ ಕಟ್ಟೆಯ ಮೇಲೆ ಅಂಕಲ್ ಮಾರ್ಕರ್ ಪೆನ್ನನ್ನು ನನ್ನ ಕೈಗೆ ಕೊಟ್ಟರು. ಅವರ ಅಕ್ಷರ ಯಾರಿಗೂ ತಿಳಿಯುವುದಿಲ್ಲವೆಂದು ದಿನಾ ನಾನೇ ಬರೆಯುತ್ತಿದ್ದೆ. "ಅಳಿವೆ ಅಂತ ಬರಿ" ಎಂದರು. ಆದರೆ ಅವರು ಪೆಟ್ಟಿಗೆಗೆ ಹಾಕಿಕೊಂಡದ್ದು ಟ್ರೌಟಿನ ಉದ್ದನೆಯ ಬೆಳ್ಳಿ ಗಾಳಗಳನ್ನು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಸೊಂಟದಷ್ಟು ನೀರಲ್ಲಿ ಕೂತ್ಕೊಳ್ಳೋದಕ್ಕೆ ಮಲ್ಪೆಯಲ್ಲಿ ಹುಟ್ಬೇಕಿತ್ತಾ ಮಾರಾಯ್ತಿ? ಮಂಜು ಕರಗಿದ ಹೊಸತರಲ್ಲಿ ಮಾತ್ರ ಟ್ರೌಟ್ ಮೇಲೆ ಬರೋದು. ಒಂದೇ ದಿನ. ಅವಳಿಗೆ ಹೇಳ್ಬೇಡ."

ಅವರಿಗೆ ಈಜು ಗೊತ್ತಿತ್ತು, ಗಾಳಿ ಗೊತ್ತಿತ್ತು, ಅಲೆ ಗೊತ್ತಿತ್ತು. ಆದರೆ ಅವರು ಈಜಿ ಬಲ್ಲ ನೀರೆಲ್ಲ ಬೆಚ್ಚಗಿನ ನೀರು. ನಾನು ಅದನ್ನು ಹೇಳಬಹುದಿತ್ತು. ಹೇಳಲಿಲ್ಲ. ನಿಮಗೆ ಹೇಳುವುದಿಲ್ಲವೆಂದು ಮಾತು ಕೊಟ್ಟು, ನನ್ನ ದುಂಡನೆಯ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ — ದೋಣಿ ನಾಲ್ಕು, ಅಳಿವೆ, ವಾಪಸು ಮೂರು ಗಂಟೆ. ಫೋಟೋ ತೆಗೆದೆ, ಕಳಿಸಿದೆ. ನೀವು ಕೈಮುಗಿದ ಚಿತ್ರ ಕಳಿಸಿದಿರಿ.

ಇಂಟರ್‌ವ್ಯೂ ಚೆನ್ನಾಗಿ ಆಯಿತು. ಆ ಖುಷಿಯಲ್ಲಿ ಮೂರು ಗಂಟೆಯಾದದ್ದೂ ತಿಳಿಯಲಿಲ್ಲ. ಮೂರೂವರೆಗೆ ಕಟ್ಟೆಗೆ ಓಡಿದಾಗ ಮುದುಕ ಬೋರ್ಡಿನ ಮುಂದೆ ನಿಂತಿದ್ದ. ಅದೇ ಹೊತ್ತಿಗೆ ನಿಮ್ಮ ಫೋನ್ ಬಂತು. ಅಂಕಲ್ ಇನ್ನೂ ಬಂದಿಲ್ಲ ಎಂದೆ. ಮುದುಕ ತನ್ನ ದೋಣಿಯ ಹಗ್ಗ ಬಿಚ್ಚುತ್ತಾ, ಅಳಿವೆ ತಾನೇ ಎಂದು ನನ್ನ ಮುಖ ನೋಡಿದ. ಫೋನಿನಲ್ಲಿ ನೀವು — ನಿಮ್ಮ ದನಿಯಲ್ಲಿ ಇನ್ನೂ ಹೆದರಿಕೆ ಇರಲಿಲ್ಲ —

"ಬರ್ದ ಜಾಗದಲ್ಲೇ ಇರ್ತಾರೆ. ನನ್ನ ತಲೆ ಮುಟ್ಟಿದ್ದಾರೆ. ಅಲ್ವಾ?"

"ಹೌದು ಆಂಟಿ" ಎಂದೆ. ಮುದುಕನಿಗೂ ಹೌದೆಂದು ತಲೆಯಾಡಿಸಿದೆ.

ಯಾಕೆ? ಅಂಕಲ್‌ಗೆ ಕೊಟ್ಟ ಮಾತಿಗಾಗಿ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ನಾನು ಹೇಳಿದರೆ ಸಾಕು ಎಂದಿದ್ದಿರಲ್ಲ — ಆ ಹುಡುಗಿ ನಿಮ್ಮ ಕಣ್ಣೆದುರು ಇಲ್ಲವಾಗುವುದು ನನಗೆ ಬೇಡವಾಗಿತ್ತು. ಹೇಗೂ ಬಂದುಬಿಡುತ್ತಾರೆ, ಯಾರಿಗೂ ತಿಳಿಯದೆ ಮುಗಿಯುತ್ತದೆ ಅಂದುಕೊಂಡೆ. ಫೋನ್ ಕೆಳಗಿಟ್ಟು ಮುದುಕನಿಗೆ ಎರಡು ಪದ ಹೇಳಿದ್ದರೆ ಸಾಕಿತ್ತು. ದೋಣಿ ಹೊರಟುಹೋಯಿತು — ತಪ್ಪು ದಿಕ್ಕಿಗೆ. ಅದರ ಸದ್ದು ದೂರವಾಗುವವರೆಗೂ ನಾನು ನಿಮ್ಮ ಜೊತೆ ಮಾತಾಡುತ್ತಲೇ ಇದ್ದೆ. ಏನು ಮಾತಾಡಿದೆನೋ.

ನಲವತ್ತು ನಿಮಿಷ. ಮುದುಕ ಒಬ್ಬನೇ ವಾಪಸು ಬಂದಾಗ ನಿಜ ಹೇಳಿದೆ. ಅವನು ಬೈಯಲಿಲ್ಲ. ರಕ್ಷಣೆಯವರಿಗೆ ಫೋನ್ ಮಾಡಿ, ನನ್ನನ್ನೂ ಹತ್ತಿಸಿಕೊಂಡು ಬಂಡೆಗಳ ದಡಕ್ಕೆ ಹೋದ. ಅಂಕಲ್ ದೋಣಿಯ ಪಕ್ಕದಲ್ಲೇ ನೀರಿನಲ್ಲಿದ್ದರು. ಲೈಫ್ ಜಾಕೆಟ್ ತೊಟ್ಟಿದ್ದರು, ಮುಖ ಮೇಲಿತ್ತು. ಅಂಚಿನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದರು. ಹಾಗೆ ಸುತ್ತಿಕೊಳ್ಳುವಷ್ಟು ಹೊತ್ತು ಅವರಿಗೆ ಎಚ್ಚರವಿತ್ತು. ಯಾರಾದರೂ ಬರುತ್ತಾರೆಂದು ಕಾದಿದ್ದರು. ಜಾಕೆಟ್ ತೊಟ್ಟವರು ಅಂಥ ಕೊರೆಯುವ ನೀರಿನಲ್ಲೂ ಸ್ವಲ್ಪ ಹೊತ್ತು ಬದುಕಿರುತ್ತಾರೆಂದು ಆಮೇಲೆ ಓದಿದೆ. ಆ ಸ್ವಲ್ಪ ಹೊತ್ತು ಎಷ್ಟು — ನನ್ನ ನಲವತ್ತು ನಿಮಿಷ ಅದರ ಒಳಗಿತ್ತೋ ಹೊರಗಿತ್ತೋ — ಯಾರೂ ಹೇಳಲಾರರು. ಒಳಗಿತ್ತು ಎಂದುಕೊಂಡೇ ಬದುಕುತ್ತಿದ್ದೇನೆ.

ದೋಣಿಯಲ್ಲಿ ಎರಡು ಲೇಕ್ ಟ್ರೌಟ್ ಇದ್ದವು. ದೊಡ್ಡವು, ಬೂದು ಮೈಯ ತುಂಬ ಬಿಳಿ ಚುಕ್ಕೆ. ಅಳಿವೆಯಲ್ಲಿ ಆ ಮೀನು ಸಿಗುವುದಿಲ್ಲ. ಮುದುಕ ನನ್ನನ್ನೊಮ್ಮೆ ನೋಡಿ, ಎರಡನ್ನೂ ಎತ್ತಿ ಮೆಲ್ಲಗೆ ನೀರಿಗೆ ಬಿಟ್ಟ. ಸಂಜೆ ಫೋನಿನಲ್ಲಿ ನೀವು ಕೇಳಿದಾಗ, ಗಾಳಿ ದೋಣಿಯನ್ನು ಅಷ್ಟು ದೂರ ತಳ್ಳಿಕೊಂಡು ಹೋಗಿರಬೇಕು ಎಂದವನು ಅವನೇ. ಕರುಣೆಯಿಂದ ಹೇಳಿದ. ನಾನು ಅದನ್ನು ಕನ್ನಡದಲ್ಲಿ ನಿಮಗೆ ದಾಟಿಸಿದೆ.

"ಹಾಗಾದ್ರೆ ಮಾತು ಮೀರ್ಲಿಲ್ಲ" ಎಂದಿರಿ ನೀವು. ಇವತ್ತಿಗೂ ಅದನ್ನೇ ಹೇಳುತ್ತೀರಿ. ಬಂದವರಿಗೆ ಆ ಬೋರ್ಡಿನ ಚಿತ್ರ ತೋರಿಸುತ್ತೀರಿ. ನನ್ನ ಅಕ್ಷರ ಮುದ್ದಾಗಿದೆ ಎನ್ನುತ್ತೀರಿ. ಇಂಟರ್‌ವ್ಯೂ ಕೊಟ್ಟ ಆ ಕೆಲಸ ನನಗೆ ಸಿಕ್ಕಿತು. ಅದರಲ್ಲೇ ಇದ್ದೇನೆ. ಅಂಕಲ್ ಫೋಟೋಗೆ ತೋರಿಸಿ ಬಾ ಎಂದು ಮೊದಲ ಸಂಬಳಕ್ಕೆ ನೀವು ಸಿಹಿ ಮಾಡಿದಿರಿ. ತಿಂದೆ.

ಸುಮ್ಮನೇ ಇದ್ದುಬಿಡುತ್ತಿದ್ದೆನೇನೋ. ಆದರೆ ಕಳೆದ ಭಾನುವಾರ ನೀವು ಪೂಜೆಯ ಕಪಾಟಿನಿಂದ ಆ ಚಿಕ್ಕ ತಾಮ್ರದ ಬಿಂದಿಗೆ ತೆಗೆದಿರಿ. ಅಸ್ಥಿಯನ್ನು ಮಲ್ಪೆಯಲ್ಲಿ ಬಿಟ್ಟಾಗ ಒಂದು ಹಿಡಿ ಉಳಿಸಿಕೊಂಡಿದ್ದೀರಂತೆ. ಈ ಮೇ ತಿಂಗಳಲ್ಲಿ ಹೋಗಿ ಆ ಸರೋವರದ ಅಳಿವೆಯಲ್ಲಿ ಬಿಡಬೇಕಂತೆ. "ನೀನೇ ಜಾಗ ತೋರಿಸ್ಬೇಕು, ಇನ್ಯಾರಿಗೆ ಗೊತ್ತುಂಟು?" ಎಂದಿರಿ.

ಆ ಜಾಗಕ್ಕೆ ಅವರು ಆ ದಿನ ಹೋಗಿರಲೇ ಇಲ್ಲ ಆಂಟಿ.

ಇದನ್ನು ಓದಿದ ಮೇಲೆ ನಿಮಗೆ ಏನೂ ಉಳಿಯುವುದಿಲ್ಲವೆಂದು ಗೊತ್ತು. ಕೊಟ್ಟ ಮಾತು ಉಳಿಸಿಕೊಂಡು ಹೋದ ಗಂಡನೂ ಇಲ್ಲ, ಸುಳ್ಳು ಹೇಳದ ಹುಡುಗಿಯೂ ಇಲ್ಲ. ಅವರನ್ನು ನಾನು ಎರಡನೆಯ ಸಲ ಕಸಿದುಕೊಳ್ಳುತ್ತಿದ್ದೇನೆ. ಹೇಳದಿದ್ದರೆ ಖಾಲಿ ನೀರಿಗೆ ಕೈಮುಗಿಯುತ್ತೀರಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಎರಡರಲ್ಲಿ ಯಾವುದೂ ಒಳ್ಳೆಯದಲ್ಲ. ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದ್ದೇನೆ.

ನಾಳೆ ಬಂದು ಇದನ್ನು ನಿಮ್ಮ ಕೈಗೇ ಕೊಡುತ್ತೇನೆ. ಊಟಕ್ಕೆ ನಿಲ್ಲುವುದಿಲ್ಲ. ಆ ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯಬೇಕಿದ್ದದ್ದು ಇಷ್ಟು —

ದೋಣಿ ನಾಲ್ಕು. ಒಬ್ಬರೇ. ಪೂರ್ವದ ಬಂಡೆಗಳ ದಡ. ಲೇಕ್ ಟ್ರೌಟ್. ವಾಪಸು ಮೂರು ಗಂಟೆ.